ಮೆಣಸೂ ಮೆಣಸಿನಕಾಯಿಯೂ: ತುಮಕೂರು ಸೀಮೆಯ ಒಂದು ಬೆಳೆಯ ಚರಿತ್ರೆ

ಕನ್ನಡ ನಾಡಿನ ಅಡಿಗೆಯಲ್ಲಿ ಮೆಣಸಿನಕಾಯಿ ಇಲ್ಲದ ದಿನವನ್ನು ಈಗ ಊಹಿಸುವುದೂ ಕಷ್ಟ. ಸಾರು, ಹುಳಿ, ಗೊಜ್ಜು, ಚಟ್ನಿ, ಉಪ್ಪಿನಕಾಯಿ ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಅದರ ಖಾರಕ್ಕೆ ಮೆಣಸಿನಕಾಯಿಯೇ ಆಧಾರವಾಗಿದೆ. ತುಮಕೂರು, ಗುಬ್ಬಿ, ಕುಣಿಗಲುಗಳ ಹಳ್ಳಿಗಳಲ್ಲಿ ರಾಗಿಯ ಮುದ್ದೆಗೆ ಬೇರೇನೂ ಒದಗದ ದಿನ ಉಪ್ಪೂ ಮೆಣಸಿನಕಾಯಿಯೂ ಕೂಡಿದರೆ ಊಟ ಸಾಗಿಹೋಗುವುದುಂಟು. ಇಷ್ಟು ಬಳಕೆಯಲ್ಲಿರುವ ವಸ್ತು ಅನಾದಿಯಿಂದಲೂ ಇಲ್ಲಿಯೇ ಇದ್ದಿತೆಂದು ಸಾಮಾನ್ಯ ಜನರು ಭಾವಿಸುವುದು ಸಹಜ. ಅದರಿಂದ ಯಾರಿಗೂ ಬಾಧಕವಿಲ್ಲ. ಆದರೆ ಪ್ರಾಚೀನ ಗ್ರಂಥಗಳನ್ನು ಪಾಠ ಹೇಳುವಾಗ ‘ಮೆಣಸು’ ಎಂಬ ಪದ ಬಂದೆಡೆಯಲ್ಲೆಲ್ಲ ಮೆಣಸಿನಕಾಯಿ ಎಂದು ಅರ್ಥ ಹೇಳಿದರೆ ಬಾಧಕ ಉಂಟು. ಅದರಿಂದ ಕವಿಯ ಕಾಲವೂ ಕೆಡುತ್ತದೆ, ಕವಿಯು ಕಂಡ ಅಡಿಗೆಯ ಮನೆಯೂ ಕೆಡುತ್ತದೆ.

ಮೆಣಸಿನಕಾಯಿಯ ಗಿಡ ಅಮೆರಿಕಾ ಖಂಡದ್ದು. ಅದು ಭರತಖಂಡಕ್ಕೆ ಬಂದುದು ಕ್ರಿ. ಶ. ೧೪೯೮ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಯನ್ನು ಮುಟ್ಟಿದ ತರುವಾಯ, ಅವರ ಹಡಗುಗಳ ಮೂಲಕ. ಇದು ಸಸ್ಯಶಾಸ್ತ್ರಜ್ಞರು ಒಪ್ಪಿರುವ ಸಂಗತಿ. ಇಲ್ಲಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಉಷ್ಣವನ್ನು ಬೇಡುವ ಈ ಗಿಡ, ಸಮುದ್ರಮಟ್ಟಕ್ಕೆ ಸುಮಾರು ೨,೭೦೦ ಅಡಿ ಮೇಲಿರುವ, ಮಾಗಿಯ ರಾತ್ರಿಗಳಲ್ಲಿ ಮೈ ನಡುಗಿಸುವ ತುಮಕೂರಿನ ಬಯಲಿನಲ್ಲಿ ಹೇಗೆ ನೆಲೆಗೊಂಡಿತು? ಹೊಸದಾಗಿ ಬಂದ ಗಿಡಕ್ಕೆ ನಾಡಿನ ಹಳೆಯ ಬಳ್ಳಿಯೊಂದರ ಹೆಸರು ಹೇಗೆ ಅಂಟಿತು? ಮೊದಲನೆಯದು ಒಕ್ಕಲಿಗನ ಪ್ರಶ್ನೆಯೆಂದೂ ಎರಡನೆಯದು ವೈಯಾಕರಣನ ಪ್ರಶ್ನೆಯೆಂದೂ ತೋರಬಹುದು. ವಿಚಾರಿಸಿ ನೋಡಿದರೆ ಎರಡನೆಯದರ ಉತ್ತರ ಮೊದಲನೆಯದರಲ್ಲಿಯೇ ಅಡಗಿರುವುದು ಕಂಡುಬರುತ್ತದೆ.

೧. ಹಳೆಯ ಮೆಣಸು

ಸಂಸ್ಕೃತದ ಮರೀಚವೇ ಕನ್ನಡದ ಮೆಣಸು. ಅಮರಸಿಂಹನು ಮರೀಚಕ್ಕೆ ಕೊಡುವ ಪರ್ಯಾಯಗಳಲ್ಲಿ ಊಷಣ, ಕೃಷ್ಣ, ಧರ್ಮಪತ್ತನ ಎಂಬುವು ಸೇರಿವೆ. ಊಷಣವೆಂದರೆ ಉರಿಸುವಂಥದು, ಕೃಷ್ಣವೆಂದರೆ ಕಪ್ಪಾದುದು, ಧರ್ಮಪತ್ತನವೆಂಬುದರಲ್ಲಿ ಪಟ್ಟಣದ ಹೆಸರಿನ ಛಾಯೆ ಇದೆ. ಖಾರ, ಕಪ್ಪು ಬಣ್ಣ, ವ್ಯಾಪಾರದ ಪಟ್ಟಣ ಈ ಮೂರೂ ಬಳ್ಳಿಯಲ್ಲಿ ಬೆಳೆಯುವ ಕಾಳುಮೆಣಸಿಗೆ ಮಾತ್ರ ಒಪ್ಪುವ ಲಕ್ಷಣಗಳು. ಆಯುರ್ವೇದದಲ್ಲಿ ತ್ರಿಕಟುವೆಂದರೆ ಶುಂಠಿ, ಹಿಪ್ಪಲಿ, ಮೆಣಸು. ಷಡ್ರಸಗಳಲ್ಲಿ ಕಟುರಸಕ್ಕೆ ಉದಾಹರಣೆ ಬೇಕಾದಾಗ ಪ್ರಾಚೀನರು ಇವುಗಳನ್ನೇ ಎತ್ತಿಕೊಂಡರು. ಮೆಣಸಿನಕಾಯಿಗೆ ಸಂಸ್ಕೃತದಲ್ಲಿ ‘ಕಟುವೀರಾ’, ‘ರಕ್ತಮರಿಚ’ ಮೊದಲಾದ ಹೆಸರುಗಳು ಇವೆಯಾದರೂ ಅವು ಅರ್ವಾಚೀನ ನಿಘಂಟುಕಾರರು ಕಟ್ಟಿದ ಹೆಸರುಗಳು. ರಕ್ತಮರಿಚವೆಂಬಲ್ಲಿ ‘ಕೆಂಪು’ ಎಂಬ ವಿಶೇಷಣವನ್ನು ಸೇರಿಸಬೇಕಾಗಿ ಬಂದುದೇ ಮರೀಚವೆಂಬುದು ಮೂಲತಃ ಬೇರೆಯ ವಸ್ತು ಎಂಬುದಕ್ಕೆ ಸಾಕ್ಷಿಯಾಗಿದೆ.

ಕನ್ನಡ ನಾಡಿನಲ್ಲಿ ಹುಟ್ಟಿದ ಗ್ರಂಥಗಳ ಸಾಕ್ಷ್ಯವೂ ಹೀಗೆಯೇ ಇದೆ. ಸು. ೧೦೨೫ರ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೂ ವೃಕ್ಷಾಯುರ್ವೇದಕ್ಕೂ ಪ್ರತ್ಯೇಕವಾದ ಸ್ಥಾನಗಳಿವೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡಿಗೆಗಳ ವಿವರಣೆ ವಿಸ್ತಾರವಾಗಿದೆ. ಕಲ್ಲಹಳ್ಳಿಯ ಮೂರನೆಯ ಮಂಗರಸನು ೧೬ನೆಯ ಶತಮಾನದ ಮೊದಲ ದಶಕದಲ್ಲಿ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಈ ಗ್ರಂಥಗಳ ಅಡಿಗೆಗೆ ಕಟುತ್ವವನ್ನು ಕೊಡುವವು ಮೆಣಸು, ಶುಂಠಿ, ಸಾಸಿವೆ, ಇಂಗು ಮೊದಲಾದವು. ಮಂಗರಸನು ಬರೆಯುತ್ತಿದ್ದ ಕಾಲಕ್ಕೆ ಪೋರ್ಚುಗೀಸರು ಗೋವೆಯನ್ನು ಇನ್ನೂ ಹಿಡಿದಿರಲಿಲ್ಲವೆಂಬುದನ್ನು ನೆನೆದರೆ, ಕನ್ನಡ ನಾಡಿನ ಹಳೆಯ ಅಡಿಗೆಯ ಕೊನೆಯ ದೊಡ್ಡ ಸಾಕ್ಷಿ ಅವನ ಗ್ರಂಥವೆಂದು ಹೇಳಬಹುದಾಗಿದೆ.

ಗ್ರಂಥಗಳಿಗಿಂತಲೂ ಬಲವಾದ ಸಾಕ್ಷ್ಯ ಇಂದಿಗೂ ಮನೆಮನೆಯಲ್ಲಿದೆ. ಶ್ರಾದ್ಧದ ಅಡಿಗೆಯಲ್ಲಿ ಮೆಣಸಿನಕಾಯಿಗೆ ಪ್ರವೇಶವಿಲ್ಲ. ಖಾರ ಬೇಕಾದಲ್ಲಿ ಕಾಳುಮೆಣಸನ್ನೇ ಕುಟ್ಟಿ ಹಾಕುತ್ತಾರೆ. ಬಾಣಂತಿಗೆ ಬಡಿಸುವುದು ಮೆಣಸಿನ ಸಾರು. ದೇವರ ನೈವೇದ್ಯದ ಪೊಂಗಲಿನಲ್ಲಿ ಹಲ್ಲಿಗೆ ಸಿಕ್ಕುವುದು ಇಡಿಯ ಮೆಣಸಿನ ಕಾಳು. ಆಚಾರವು ಬೇಗನೆ ಬದಲಾಗುವುದಿಲ್ಲ. ಪಿತೃಗಳಿಗೂ ದೇವರಿಗೂ ಎಡೆಯಿಡುವಾಗ ನಾಡು ಐನೂರು ವರ್ಷಗಳ ಹಿಂದಿನ ಅಡಿಗೆಯನ್ನೇ ಇಂದಿಗೂ ಮಾಡುತ್ತಿದೆಯೆಂದು ತಿಳಿಯಬೇಕು.

೨. ಹಡಗಿನಲ್ಲಿ ಬಂದ ಮೆಣಸು

ಯೂರೋಪಿನವರು ಪಶ್ಚಿಮ ಸಮುದ್ರವನ್ನು ದಾಟಿ ಬಂದುದಕ್ಕೆ ಕಾಳುಮೆಣಸೇ ಮುಖ್ಯ ಕಾರಣಗಳಲ್ಲೊಂದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದು ಕರೆದುದು ಪ್ರಸಿದ್ಧವಾಗಿದೆ. ಒಂದು ಮೆಣಸನ್ನು ಕೊಳ್ಳಲು ಬಂದವರು ಇನ್ನೊಂದು ಮೆಣಸನ್ನು ಇಲ್ಲಿ ಬಿಟ್ಟುಹೋದರು. ಕೊಲಂಬಸನು ಭರತಖಂಡವನ್ನು ಹುಡುಕುತ್ತ ಹೋಗಿ ಅಮೆರಿಕಾದ ದ್ವೀಪಗಳಲ್ಲಿ ಖಾರವಾದ ಕಾಯಿಯೊಂದನ್ನು ಕಂಡು ಅದನ್ನೂ ಒಂದು ಬಗೆಯ ಮೆಣಸೆಂದೇ ಬಗೆದನು. ಹೆಸರಿನ ಗೊಂದಲ ಅಲ್ಲಿಯೇ ಮೊದಲಾಯಿತು. ೧೫೦೦ರಲ್ಲಿ ಕಬ್ರಾಲನ ಪಡೆ ಬ್ರೆಜಿಲಿನ ತೀರವನ್ನು ಮುಟ್ಟಿ ಅಲ್ಲಿಂದ ಕಲ್ಲಿಕೋಟೆಗೆ ಬಂದಿತು. ಅಮೆರಿಕಾದ ಬೀಜ ಮಲೆಯಾಳ ತೀರಕ್ಕೆ ನೇರವಾಗಿ ಬರಬಹುದಾದ ದಾರಿ ಅಂದಿನಿಂದ ತೆರೆಯಿತು. ೧೫೧೦ರಲ್ಲಿ ಗೋವೆ ಅವರ ವಶವಾಯಿತು.

ಗಿಡ ಬಂದ ಬಗೆಯನ್ನು ತೀರದ ಭಾಷೆಗಳು ತಮ್ಮ ಪದಗಳಲ್ಲಿಯೇ ಬರೆದಿಟ್ಟುಕೊಂಡಿವೆ. ಮಲೆಯಾಳದ ‘ಕಪ್ಪಲ್ ಮುಳಕು’ ಎಂದರೆ ಹಡಗಿನ ಮೆಣಸು. ಡಚ್ಚರ ಅಧಿಕಾರಿ ವಾನ್ ರೀಡನು ಮಲೆಯಾಳದ ಸಸ್ಯಗಳನ್ನು ಕುರಿತು ಸಿದ್ಧಪಡಿಸಿದ ‘ಹೋರ್ತುಸ್ ಮಲಬಾರಿಕುಸ್’ ೧೬೭೮ರಿಂದ ೧೬೯೩ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಗಿಡ ‘ಕಾಪೊ ಮೊಳಗೊ’ ಎಂಬ ಹೆಸರಿನಿಂದ ಬಂದಿದೆ. ಕೊಡಗಿನಲ್ಲಿ ಪುಟ್ಟದಾದ, ಬಹು ಖಾರವಾದ ಮೆಣಸಿನಕಾಯಿಗೆ ‘ಪರಂಗಿ ಮಲು’ ಎನ್ನುತ್ತಾರೆ. ಪರಂಗಿಯೆಂದರೆ ಫಿರಂಗಿ, ಪೋರ್ಚುಗೀಸ. ಗಿಡ ಯಾರ ಕೈಯಿಂದ ಬಂದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ವಿಚಿತ್ರವೆಂದರೆ, ಯೂರೋಪಿನವರು ಇದೇ ಗಿಡವನ್ನು ಭರತಖಂಡದ್ದೆಂದು ನಂಬಿದರು. ಜರ್ಮನಿಯ ವೈದ್ಯ ಲಿಯೊನ್‌ಹಾರ್ಟ್ ಫುಕ್ಸನು ೧೫೪೨ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಇದರ ಚಿತ್ರವನ್ನು ಕೊಟ್ಟು ‘ಕಲ್ಲಿಕೋಟೆಯ ಮೆಣಸು’ ಎಂದು ಕರೆದಿದ್ದಾನೆ. ಇತ್ತ ನಮ್ಮ ತೀರದವರು ಪರಂಗಿಯದೆನ್ನುತ್ತಾರೆ, ಅತ್ತ ಪರಂಗಿಯವರು ಕಲ್ಲಿಕೋಟೆಯದೆನ್ನುತ್ತಾರೆ. ಅನ್ಯದೇಶದ ಗಿಡವನ್ನು ಎರಡೂ ಕಡೆಯವರು ಮತ್ತೊಬ್ಬರ ಹೆಸರಿಗೆ ಕಟ್ಟಿದರು.

೩. ತಂಪಿನ ನೆಲ, ಬಿಸಿಲಿನ ಗಿಡ

ತೀರದಲ್ಲಿ ಇಳಿದ ಗಿಡ ಘಟ್ಟವನ್ನೇರಿ ತುಮಕೂರಿನ ಬಯಲಿಗೆ ಬಂದ ಮೇಲೆ ಅದರ ನಿಜವಾದ ಪರೀಕ್ಷೆ ನಡೆಯಿತು. ತುಮಕೂರು ಸೀಮೆಯ ಲಕ್ಷಣವನ್ನು ಮೊದಲು ನೋಡಬೇಕು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ನದಿ ಕಡಬದ ಕೆರೆಯನ್ನು ತುಂಬಿಸಿ ಕುಣಿಗಲು ತಾಲ್ಲೂಕಿನತ್ತ ಹರಿಯುತ್ತದೆ. ಮಣ್ಣು ಹೆಚ್ಚಾಗಿ ಕೆಂಪು, ಮರಳುಮಿಶ್ರ. ವರ್ಷದ ಮಳೆ ಇಪ್ಪತ್ತೈದರಿಂದ ಮೂವತ್ತು ಅಂಗುಲದ ಆಸುಪಾಸು. ಅದರಲ್ಲಿ ಹೆಚ್ಚಿನ ಭಾಗ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಸುರಿಯುತ್ತದೆ. ಪುಷ್ಯಮಾಘಗಳಲ್ಲಿ ರಾತ್ರಿಯ ಶಾಖ ಸೆಂಟಿಗ್ರೇಡು ಮಾನದಲ್ಲಿ ಹದಿನೈದರ ಬಳಿಗೆ, ಕೆಲವು ವೇಳೆ ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ.

ಮೆಣಸಿನ ಗಿಡದ ಸ್ವಭಾವವೇನು? ಅದರ ಬೀಜ ಚೆನ್ನಾಗಿ ಮೊಳೆಯುವುದು ಇಪ್ಪತ್ತೈದರಿಂದ ಮೂವತ್ತು ಡಿಗ್ರಿಯ ಶಾಖದಲ್ಲಿ. ಹದಿನೈದಕ್ಕಿಂತ ತಂಪಾದರೆ ಮೊಳಕೆ ತಡೆಯುತ್ತದೆ, ಇಲ್ಲವೆ ಕೊಳೆಯುತ್ತದೆ. ರಾತ್ರಿಯ ತಂಪು ಅದೇ ಮಿತಿಯನ್ನು ಮೀರಿದರೆ ಹೂವು ಕಾಯಾಗದೆ ಉದುರುತ್ತದೆ. ಹಿಮ ಬಿದ್ದರೆ ಗಿಡವೇ ಸಾಯುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ತುಮಕೂರಿನಲ್ಲಿ ಹಿಮದ ಭಯವಿಲ್ಲ. ಆದರೆ ಬೀಜಕ್ಕೆ ಶಾಖ, ಹೂವಿಗೆ ಚಳಿಯಿಂದ ರಕ್ಷಣೆ, ಬೇರಿಗೆ ಜೌಗಿನಿಂದ ರಕ್ಷಣೆ ಎಂಬ ಮೂರು ಕಾರ್ಯಗಳು ಬೆಳೆಗಾರನ ಪಾಲಿಗೆ ಬಂದವು.

ಅವನ ಉಪಾಯಗಳು ಸರಳವಾದರೂ ಯುಕ್ತವಾಗಿವೆ. ಬೀಜವನ್ನು ಹೊಲದಲ್ಲಿ ನೇರವಾಗಿ ಚೆಲ್ಲುವುದಿಲ್ಲ. ಮನೆಯ ಹತ್ತಿರವೋ ಬಾವಿಯ ಹತ್ತಿರವೋ ನೆಲಕ್ಕಿಂತ ಗೇಣು ಎತ್ತರಿಸಿದ ಒಟ್ಲುಪಾತಿ ಮಾಡಿ, ಹಳೆಯ ಕೊಟ್ಟಿಗೆ ಗೊಬ್ಬರವನ್ನು ಬೆರಸಿ, ಬೂದಿಯಲ್ಲಿ ಹೊರಳಿಸಿದ ಬೀಜವನ್ನು ತೆಳುವಾಗಿ ಬಿತ್ತಿ, ಮೇಲೆ ಹುಲ್ಲು ಹೊದಿಸುತ್ತಾರೆ. ಎತ್ತರಿಸಿದ ಪಾತಿ ಬೇಗ ಬಿಸಿಯೇರುತ್ತದೆ, ಅದರಲ್ಲಿ ನೀರು ನಿಲ್ಲುವುದಿಲ್ಲ. ಹುಲ್ಲಿನ ಹೊದಿಕೆ ಹಗಲಿನ ಶಾಖವನ್ನು ರಾತ್ರಿಯ ವರೆಗೂ ಹಿಡಿದಿಡುತ್ತದೆ. ಮೊಳಕೆ ತಲೆಯೆತ್ತಿದೊಡನೆ ಹೊದಿಕೆಯನ್ನು ತೆಗೆಯಬೇಕು. ಒಂದೆರಡು ದಿನ ತಡಮಾಡಿದರೂ ಸಸಿ ಬಿಳಿಚಿ ಸೊರಗುತ್ತದೆ. ಸುಮಾರು ನಲವತ್ತು ದಿನಗಳ ಸಸಿಯನ್ನು ಕಿತ್ತು, ಒಂದೂವರೆ ಎರಡು ಅಡಿಗಳ ಅಂತರದಲ್ಲಿ ಸಾಲುಗಳಲ್ಲಿ ನೆಡುತ್ತಾರೆ. ನೆಡುವುದು ಸಂಜೆಯಲ್ಲಿ, ಇಲ್ಲವೆ ಮೋಡ ಕವಿದ ದಿನದಲ್ಲಿ.

ಇದಕ್ಕಿಂತ ಮುಖ್ಯವಾದುದು ಕಾಲದ ಆಯ್ಕೆ. ರೋಹಿಣಿ ಮೃಗಶಿರೆಗಳಲ್ಲಿ ಒಟ್ಲು ಹಾಕಿ ಪುನರ್ವಸುವಿನ ಸುಮಾರಿಗೆ ನೆಟ್ಟರೆ, ಗಿಡ ಹೂಬಿಡುವುದು ಮಖೆ ಹುಬ್ಬೆಗಳಲ್ಲಿ. ಆಗ ರಾತ್ರಿಗಳು ಇನ್ನೂ ಬೆಚ್ಚಗಿರುತ್ತವೆ. ಹಸ್ತ ಚಿತ್ತೆಗಳ ದೊಡ್ಡ ಮಳೆ ಬರುವಷ್ಟರಲ್ಲಿ ಗಿಡ ಬಲಿತು ಕಾಯಿ ಹಿಡಿದಿರುತ್ತದೆ. ಸಾಲುಗಳ ನಡುವಣ ಕಾಲುವೆಗಳು ಹೆಚ್ಚಿನ ನೀರನ್ನು ಹೊರಕ್ಕೆ ಒಯ್ಯುತ್ತವೆ. ಮಾಗಿಯ ಚಳಿ ಇಳಿಯುವ ವೇಳೆಗೆ ಬೆಳೆಯ ಬಹುಭಾಗ ಹಣ್ಣಾಗಿರುತ್ತದೆ. ಹೂವಿಗೆ ಶತ್ರುವಾದ ಆ ಕಾಲವೇ ಹಣ್ಣಿಗೆ ಮಿತ್ರ: ಮಳೆಯಿಲ್ಲದ, ತಿಳಿಬಿಸಿಲಿನ ದಿನಗಳಲ್ಲಿ ಕೆಂಪು ಮೆಣಸಿನಕಾಯಿ ಅಂಗಳದಲ್ಲಿ ಕೊಳೆಯದೆ ಒಣಗುತ್ತದೆ. ಎರಡನೆಯ ಬೆಳೆಯನ್ನು ಬೇಕೆನ್ನುವವರು ಪುಷ್ಯದಲ್ಲಿ ಮರೆಯಾದ ಸ್ಥಳದಲ್ಲಿ ಒಟ್ಲು ಹಾಕಿ, ಶಿವರಾತ್ರಿಗೆ ಚಳಿ ಹಿಂದೆಗೆದ ಮೇಲೆ ನೆಟ್ಟು, ಬಾವಿಯ ನೀರಿನಿಂದ ಬೆಳೆಸಿ ಬೇಸಗೆಯಲ್ಲಿ ಹಸಿಯ ಕಾಯನ್ನು ಕೀಳುತ್ತಾರೆ. ಎರಡು ಬೆಳೆಗಳಲ್ಲಿಯೂ ಚಳಿಯ ಕಾಲ ಹೂವಿನ ಕಾಲಕ್ಕೆ ಸೇರದಂತೆ ಪಂಚಾಂಗವನ್ನು ಹಿಡಿದು ನಡೆಯುವುದೇ ಈ ಕೃಷಿಯ ಮರ್ಮ.

ಇದಕ್ಕೆ ಬೇಕಾದ ನೀರಿನ ವ್ಯವಸ್ಥೆ ಇಲ್ಲಿ ಮೊದಲೇ ಇದ್ದಿತು. ತುಮಕೂರು ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟವಾಗಿ ೧೯೦೪ರಲ್ಲಿ ಅಚ್ಚಾದವು, ಕೆರೆ, ಗದ್ದೆ, ತೋಟಗಳ ದಾನಗಳು ಅವುಗಳಲ್ಲಿ ಹೇರಳವಾಗಿವೆ. ಕುಣಿಗಲು ತಾಲ್ಲೂಕಿನ ಕಗ್ಗೆರೆಯಲ್ಲಿ ನಾಗಿನೀ ನದಿಯ ಬದಿಯ ತೋಟದಲ್ಲಿ ತಪಸ್ಸು ಮಾಡಿದುದರಿಂದಲೇ ‘ಷಟ್‌ಸ್ಥಲ ಜ್ಞಾನಸಾರಾಮೃತ’ದ ಕರ್ತೃವಾದ ಸಿದ್ಧಲಿಂಗಯತಿಗಳಿಗೆ ‘ತೋಂಟದ’ ಎಂಬ ಹೆಸರು ಬಂದಿತು. ಎಡೆಯೂರಿನಲ್ಲಿ ಅವರ ಗದ್ದುಗೆ ಇದೆ. ಮೆಣಸಿನ ಗಿಡ ಕನ್ನಡ ನಾಡಿನ ತೀರಕ್ಕೆ ಬರುವ ವೇಳೆಗೆ ಈ ಸೀಮೆಯಲ್ಲಿ ತೋಟವೆಂಬುದು ಗುರುವಿನ ಹೆಸರಿಗೆ ಸೇರುವಷ್ಟು ಪರಿಚಿತವಾಗಿದ್ದಿತು. ಹೊಸ ಗಿಡಕ್ಕೆ ಪಾತಿ, ಕಾಲುವೆ, ಏತ, ಕಪಿಲೆಗಳನ್ನು ಹೊಸದಾಗಿ ಕಲ್ಪಿಸಬೇಕಾಗಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಕಾರ್ಯ ಸದ್ದಿಲ್ಲದೆ ನಡೆಯಿತು. ಪ್ರತಿವರ್ಷವೂ ಮನೆಯ ಹೆಂಗಸರು ಚೆನ್ನಾಗಿ ಫಲಕೊಟ್ಟ ಗಿಡದ ಪೂರ್ಣವಾಗಿ ಹಣ್ಣಾದ ಕಾಯನ್ನು ಬೇರೆ ತೆಗೆದು ಒಣಗಿಸಿ ಬೀಜಕ್ಕೆ ಇಡುವರು. ಚಳಿಗೆ ಹೂವುದುರಿಸಿದ ಗಿಡ, ಮಳೆಗೆ ಕೊಳೆತ ಗಿಡ ಬೀಜಕ್ಕೆ ಉಳಿಯುವುದೇ ಇಲ್ಲ. ಮೆಣಸಿನ ಹೂವಿಗೆ ಕೀಟಗಳಿಂದ ಪರಾಗಮಿಶ್ರಣವೂ ಆಗುವುದರಿಂದ ಹೊಸ ಹೊಸ ಭೇದಗಳು ಹುಟ್ಟುತ್ತಿರುತ್ತವೆ. ಅವುಗಳಲ್ಲಿ ನೆಲಕ್ಕೆ ಒಗ್ಗಿದುದು ಮಾತ್ರ ನಿಲ್ಲುತ್ತದೆ. ನಾಲ್ಕು ನೂರು ವರ್ಷಗಳ ಇಂಥ ಆಯ್ಕೆಯಿಂದಲೇ ಬ್ಯಾಡಗಿಯಂತಹ ಬಣ್ಣ ಹೆಚ್ಚಿ ಖಾರ ತಗ್ಗಿದ ಭೇದವೂ, ಮಲೆನಾಡಿನ ಜೀರಿಗೆಮೆಣಸಿನಂತಹ ಉರಿಖಾರದ ಭೇದವೂ ಕನ್ನಡ ನಾಡಿನಲ್ಲಿ ನೆಲೆಸಿವೆ. ಈಚಿನ ಕಾಲದಲ್ಲಿ ಈ ಆಯ್ಕೆಯನ್ನು ಶಾಸ್ತ್ರೀಯವಾಗಿ ನಡಸಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ‘ಅರ್ಕಾ ಲೋಹಿತ್’ ಮೊದಲಾದ ತಳಿಗಳನ್ನು ಹೊರತಂದಿದ್ದಾರೆ. ಅದೇ ಸಂಸ್ಥೆಯ ಪ್ರಯೋಗಕೇಂದ್ರವೊಂದು ತುಮಕೂರಿನ ಸಮೀಪದ ಹಿರೇಹಳ್ಳಿಯಲ್ಲಿದೆ.

೧೮೦೦ರಲ್ಲಿ ಫ್ರಾನ್ಸಿಸ್ ಬುಕಾನನ್ನನು ಮೈಸೂರು ಸೀಮೆಯಲ್ಲಿ ಸಂಚರಿಸುತ್ತ ತುಮಕೂರು ಗುಬ್ಬಿಗಳನ್ನೂ ಹಾದುಹೋದನು. ೧೮೦೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಮೆಣಸಿನಕಾಯಿ ಮೈಸೂರು ಸೀಮೆಯ ತೋಟಗಾರರ ಪರಿಚಿತವಾದ ಬೆಳೆ. ಹೊರಗಿನದೆಂಬ ನೆನಪು ಆ ವೇಳೆಗೆ ಒಳನಾಡಿನಲ್ಲಿ ಅಳಿದಿದ್ದಿತು.

೪. ಹೊರದೇಶಗಳ ಸಾಕ್ಷ್ಯ

ತಂಪಿನಲ್ಲಿ ಈ ಗಿಡವನ್ನು ಬೆಳೆಯುವ ಯತ್ನ ಕನ್ನಡಿಗರದು ಮಾತ್ರವಲ್ಲ. ಫುಕ್ಸನ ಕಾಲದ ಜರ್ಮನಿಯಲ್ಲಿ ಇದನ್ನು ಮಣ್ಣಿನ ಕುಂಡಗಳಲ್ಲಿ ಬೆಳೆಸುತ್ತಿದ್ದರು. ಹಂಗೇರಿಯಲ್ಲಿ ಚಳಿಗಾಲ ಮುಗಿಯುವ ಮುನ್ನವೇ ಮರೆಯಲ್ಲಿ ಬೀಜವನ್ನು ಮೊಳೆಯಿಸಿ, ಹಿಮದ ಭಯ ಕಳೆದ ಮೇಲೆ ಸಸಿಯನ್ನು ಬಯಲಿಗೆ ನೆಟ್ಟು, ಹಣ್ಣಾದ ಕಾಯಿಗಳನ್ನು ಮಾಲೆಮಾಡಿ ಮನೆಯ ಚಾವಣಿಯ ಅಂಚಿನಲ್ಲಿ ಒಣಹಾಕುವರು. ತುಮಕೂರಿನ ಒಟ್ಲುಪಾತಿಗೂ ಹಂಗೇರಿಯ ಮರೆಗೂ ತತ್ತ್ವ ಒಂದೇ: ಗಿಡದ ಬಾಲ್ಯವನ್ನು ಬೆಚ್ಚಗೆ ಕಳೆಯಿಸಿ, ಯೌವನವನ್ನು ಋತುವಿಗೆ ಹೊಂದಿಸುವುದು.

ಹೆಸರಿನ ವಿಷಯದಲ್ಲಿಯೂ ಹೊರದೇಶ ಒಂದು ಪಾಠವನ್ನು ಕಲಿಸುತ್ತದೆ. ಲಿನ್ನೇಯಸನು ೧೭೫೩ರಲ್ಲಿ ಈ ಗಿಡದ ಒಂದು ಪ್ರಭೇದಕ್ಕೆ ‘ಆನ್ಯುಯಂ’ ಎಂದು ಹೆಸರಿಟ್ಟನು. ಆ ಪದಕ್ಕೆ ‘ಒಂದು ವರ್ಷ ಬದುಕುವುದು’ ಎಂದು ಅರ್ಥ. ವಸ್ತುತಃ ಬೆಚ್ಚನೆಯ ದೇಶದಲ್ಲಿ ಅದು ಹಲವು ವರ್ಷ ಬದುಕಬಲ್ಲುದು. ಯೂರೋಪಿನ ಚಳಿಗಾಲ ಅದನ್ನು ವರ್ಷಕ್ಕೊಮ್ಮೆ ಕೊಲ್ಲುತ್ತಿದ್ದುದರಿಂದ ಆ ಹೆಸರು ಬಂದಿತು. ಇನ್ನೊಂದು ಪ್ರಭೇದಕ್ಕೆ ಅವನಿಟ್ಟ ‘ಫ್ರುಟೆಸೆನ್ಸ್’ ಎಂಬ ಹೆಸರು ಪೊದೆಯಾಗಿ ಬೆಳೆಯುವುದನ್ನು ಸೂಚಿಸುತ್ತದೆ. ಜೀರಿಗೆಮೆಣಸೂ ಪರಂಗಿ ಮಲುವೂ ಈ ವರ್ಗದವೆಂದು ಹೇಳುವರು. ಮೊದಲನೆಯದರ ತವರು ಮೆಕ್ಸಿಕೋ ದೇಶ. ಅಲ್ಲಿ ಐದು ಸಾವಿರ ಅಡಿಗೂ ಮೇಲಿರುವ, ಮಳೆ ಕಡಿಮೆಯಾದ ತೆಹುವಾಕಾನ್ ಕಣಿವೆಯ ಗುಹೆಗಳಲ್ಲಿ ಮೆಣಸಿನಕಾಯಿಯ ಅತಿ ಪ್ರಾಚೀನ ಅವಶೇಷಗಳು ದೊರೆತಿವೆ. ಹೀಗಿರುವಾಗ ಮಳೆ ಮಿತವಾದ ಎತ್ತರದ ಬಯಲು ಈ ಪ್ರಭೇದಕ್ಕೆ ಕೇವಲ ಪರದೇಶವೆಂದು ಹೇಳುವಂತಿಲ್ಲ. ಅತಿವೃಷ್ಟಿಯಿಂದ ಕಾಯಿ ಕೊಳೆಯುವ ತೀರಕ್ಕಿಂತ ತುಮಕೂರಿನ ಕೆಂಪು ನೆಲ ಅದಕ್ಕೆ ಹೆಚ್ಚು ಹಿತವಾದುದರಲ್ಲಿ ಆಶ್ಚರ್ಯವಿಲ್ಲ.

೫. ಹೆಸರಿನ ವಿಚಾರ

ಈಗ ಶಬ್ದಕ್ಕೆ ಬರಬಹುದು. ತಮಿಳಿನಲ್ಲಿ ಮಿಳಗು ಕಾಳು, ಮಿಳಗಾಯ್ ಮೆಣಸಿನಕಾಯಿ. ಮರಾಠಿಯಲ್ಲ��� ಮಿರೀ ಕಾಳು, ಮಿರಚಿ ಮೆಣಸಿನಕಾಯಿ. ಹಂಗೇರಿಯ ‘ಪಾಪ್ರಿಕ’ ಎಂಬ ಪದವೂ ಕಾಳುಮೆಣಸಿಗಿರುವ ಸ್ಲಾವ್ ಭಾಷೆಯ ಪದದಿಂದಲೇ ಹುಟ್ಟಿದುದು. ಹೊಸ ವಸ್ತುವಿಗೆ ಹಳೆಯ ವಸ್ತುವಿನ ಹೆಸರನ್ನು ಒಂದು ಪ್ರತ್ಯಯವನ್ನೋ ಪದವನ್ನೋ ಸೇರಿಸಿ ಕೊಡುವುದು ಎಲ್ಲ ಭಾಷೆಗಳಿಗೂ ಸಮಾನವಾದ ದಾರಿ.

ಆದರೆ ಕನ್ನಡ ನಾಡಿನ ಒಳಗೇ ಒಂದು ಭೇದವಿದೆ. ಅದನ್ನು ಸಾಕಷ್ಟು ಗಮನಿಸಿದಂತಿಲ್ಲ. ಕರಾವಳಿಯಲ್ಲಿಯೂ ಮಲೆನಾಡಿನ ಹಲವೆಡೆಯೂ ‘ಮೆಣಸು’ ಎಂದರೆ ಮೆಣಸಿನಕಾಯಿ ಎಂದೇ ಅರ್ಥ. ಬಳ್ಳಿಯ ಕಾಳನ್ನು ಹೇಳಬೇಕಾದರೆ ‘ಒಳ್ಳೆಮೆಣಸು’ ಅಥವಾ ‘ಕಾಳುಮೆಣಸು’ ಎನ್ನಬೇಕು. ತುಳುವಿನ ‘ಎಡ್ಡೆಮುಂಚಿ’, ಮಲೆಯಾಳದ ‘ನಲ್ಲಮುಳಕು’ ಎಂಬುವೂ ‘ಒಳ್ಳೆಯ ಮೆಣಸು’ ಎಂಬ ಅರ್ಥದವೇ. ತುಮಕೂರು, ಗುಬ್ಬಿ, ಕುಣಿಗಲುಗಳ ಕಡೆ ಹಾಗಲ್ಲ. ಇಲ್ಲಿ ಬರಿಯ ‘ಮೆಣಸು’ ಎಂದರೆ ಕಾಳು. ಗಿಡದಲ್ಲಿ ಬಿಡುವುದು ‘ಮೆಣಸಿನಕಾಯಿ’. ಬಳ್ಳಿಯ ತವರಿನಲ್ಲಿ ಬಳ್ಳಿಯೇ ತನ್ನ ಹೆಸರನ್ನು ಕಳೆದುಕೊಂಡು ವಿಶೇಷಣವನ್ನು ಆಶ್ರಯಿಸಿತು. ಬಳ್ಳಿ ಬೆಳೆಯದ ಬಯಲಿನಲ್ಲಿ ಅದರ ಹೆಸರು ಭದ್ರವಾಗಿ ಉಳಿಯಿತು. ಇದು ಮೇಲುನೋಟಕ್ಕೆ ವಿಪರೀತವೆಂದು ತೋರುತ್ತದೆ.

ಕೃಷಿಯ ಸಂಗತಿಯನ್ನು ಹಿಡಿದರೆ ಇದರ ಕಾರಣ ತಿಳಿಯುತ್ತದೆ. ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆಯೂ ನೆರಳೂ ತೇವವೂ ಬೇಕು. ತುಮಕೂರಿನ ಬಯಲಿನಲ್ಲಿ, ಈಚೆಗೆ ಕೆಲವರು ನೀರಿರುವ ಅಡಕೆಯ ತೋಟಗಳಲ್ಲಿ ಹಬ್ಬಿಸುತ್ತಿರುವುದನ್ನು ಬಿಟ್ಟರೆ, ಅದು ಹಿಂದೆ ಬೆಳೆಯಾಗಿರಲಿಲ್ಲ. ಇಲ್ಲಿಯವರು ಮೆಣಸನ್ನು ಕಂಡುದು ಸಂತೆಯಲ್ಲಿ, ಒಣಗಿದ ಕಪ್ಪು ಕಾಳಿನ ರೂಪದಲ್ಲಿ. ಅಡಕೆಗೂ ಕೊಬ್ಬರಿಗೂ ಹೆಸರಾದ ಗುಬ್ಬಿಯ ಪೇಟೆಯಂತಹ ಸ್ಥಳಗಳಲ್ಲಿ ಅದು ಹಣ ಕೊಟ್ಟು ತೂಗಿಸಿಕೊಳ್ಳುವ ಸರಕು. ಹೊಸ ಗಿಡವಾದರೋ ಹಿತ್ತಲಿನಲ್ಲಿ, ಕಣ್ಣೆದುರಿನಲ್ಲಿ, ಬದನೆಯ ಪಕ್ಕದಲ್ಲಿ ಹಸಿಯ ಕಾಯಿಬಿಟ್ಟಿತು. ಸರಕಾಗಿ ಬಂದುದು ಮೆಣಸು; ಮನೆಯಲ್ಲಿ ಕಾಯಾಗಿ ಕಂಡುದು ಮೆಣಸಿನ ಕಾಯಿ. ಎರಡು ವಸ್ತುಗಳ ನಡುವಣ ವ್ಯತ್ಯಾಸ ಇಲ್ಲಿಯವರ ಅನುಭವದಲ್ಲಿ ಸ್ಪಷ್ಟವಾಗಿದ್ದುದರಿಂದ ಹೆಸರಿನಲ್ಲಿಯೂ ಸ್ಪಷ್ಟವಾಯಿತು. ಮಲೆನಾಡಿನಲ್ಲಾದರೋ ಎರಡೂ ಮನೆಯ ಬಳಿಯೇ ಬೆಳೆಯುವಂಥವು. ದಿನದಿನದ ಅಡಿಗೆಗೆ ಅಗ್ಗವಾದ ಗಿಡದ ಕಾಯಿ, ಮಾರಾಟಕ್ಕೆ ಬೆಲೆಬಾಳುವ ಬಳ್ಳಿಯ ಕಾಳು ಎಂದು ಅವು ಹಂಚಿಕೊಂಡವು. ಬಳಕೆಯದಕ್ಕೆ ಬರಿಯ ಹೆಸರು, ಬೆಲೆಯದಕ್ಕೆ ‘ಒಳ್ಳೆಯ’ ಎಂಬ ವಿಶೇಷಣ ದೊರೆಯಿತು.

೬. ಗ್ರಂಥಸಂಪಾದನೆಗೆ ಪ್ರಯೋಜನ

ಮೇಲಿನ ವಿಚಾರದಿಂದ ಪಾಠ ಹೇಳುವವರಿಗೂ ಗ್ರಂಥಗಳನ್ನು ಶೋಧಿಸುವವರಿಗೂ ಕೆಲವು ನಿಯಮಗಳು ದೊರೆಯುತ್ತವೆ. ಮೊದಲನೆಯದು: ೧೪೯೮ಕ್ಕೆ ಹಿಂದಿನ ಗ್ರಂಥ ಅಥವಾ ಶಾಸನದಲ್ಲಿ ‘ಮೆಣಸು’ ಎಂದಿದ್ದರೆ ಅದಕ್ಕೆ ಕಾಳುಮೆಣಸೆಂದಲ್ಲದೆ ಬೇರೆ ಅರ್ಥವಿಲ್ಲ. ಎರಡನೆಯದು: ಅದಕ್ಕೆ ಈಚಿನ ಗ್ರಂಥದಲ್ಲಿ ಅದೇ ಪದ ಬಂದರೆ ಕರ್ತೃವಿನ ಸೀಮೆಯನ್ನು ನೋಡಬೇಕು, ಬಯಲುಸೀಮೆಯವನ ಮೆಣಸು ಕಾಳಾಗಿರಬಹುದು, ಕರಾವಳಿಯವನ ಮೆಣಸು ಕಾಯಾಗಿರಬಹುದು. ಮೂರನೆಯದು: ೧೪೯೮ಕ್ಕೆ ಹಿಂದಿನದೆನ್ನುವ ಗ್ರಂಥದಲ್ಲಿ ‘ಮೆಣಸಿನಕಾಯಿ’ ಎಂಬ ಪದ ಸಿಕ್ಕಿದರೆ, ಆ ಭಾಗ ಪ್ರಕ್ಷಿಪ್ತವೋ ಎಂಬ ಶಂಕೆಗೆ ಎಡೆಯುಂಟು. ಆದರೆ ಒಡನೆಯೇ ಹಾಗೆಂದು ತೀರ್ಮಾನಿಸುವುದೂ ಸಲ್ಲದು. ಬಳ್ಳಿಯ ಹಸಿಯ ಕಾಯನ್ನು ಉಪ್ಪಿನಲ್ಲಿ ಹಾಕುವ ಪದ್ಧತಿ ಇರುವುದರಿಂದ ಆ ಪದ ಅದನ್ನೂ ಸೂಚಿಸಬಹುದು. ಕೆಂಪು ಬಣ್ಣವೋ ಉದ್ದವಾದ ಆಕಾರವೋ ಪ್ರಕರಣದಲ್ಲಿ ಹೇಳಲ್ಪಟ್ಟಿದ್ದರೆ ಮಾತ್ರ ಶಂಕೆ ದೃಢವಾಗುತ್ತದೆ.

ಗುಬ್ಬಿಯ ಮಲ್ಲಣಾರ್ಯನು ‘ಭಾವಚಿಂತಾರತ್ನ’ವನ್ನು ೧೫೧೩ರಲ್ಲಿಯೂ ‘ವೀರಶೈವಾಮೃತ ಪುರಾಣ’ವನ್ನು ೧೫೩೦ರಲ್ಲಿಯೂ ರಚಿಸಿದನೆಂದು ಪ್ರಸಿದ್ಧಿ. ಗೋವೆ ಪರಂಗಿಯರ ವಶವಾಗಿ ಮೂರು ವರ್ಷಗಳಾಗಿದ್ದಾಗ ಗುಬ್ಬಿಯ ಹಿತ್ತಲಿನಲ್ಲಿ ಈ ಗಿಡ ಕಾಯಿಬಿಟ್ಟಿದ್ದಿತೆಂದು ನಂಬಲು ಆಧಾರವಿಲ್ಲ. ಇಂದು ಗುಬ್ಬಿಯ ಸಂತೆಯಲ್ಲಿ ಕಾಣುವ ಕೆಂಪಿನ ರಾಶಿಯನ್ನು ಆ ಕವಿಯ ಗುಬ್ಬಿಗೆ ಆರೋಪಿಸಬಾರದು. ಪುರಂದರದಾಸರ ಅಂಕಿತದಲ್ಲಿ ಮೆಣಸಿನಕಾಯಿಯನ್ನು ಕುರಿತ ಕೀರ್ತನೆಯೊಂದು ಪ್ರಚಾರದಲ್ಲಿದ್ದು, ಗಿಡ ಇಲ್ಲಿಗೆ ಬೇಗ ಬಂದಿತೆಂಬುದಕ್ಕೆ ಅದನ್ನು ಸಾಕ್ಷಿಯಾಗಿ ಎತ್ತುವರು. ದಾಸರು ೧೫೬೪ರ ವರೆಗೆ ಇದ್ದರೆಂಬುದು ಸಂಪ್ರದಾಯ. ವಿಜಯನಗರಕ್ಕೂ ಗೋವೆಗೂ ವ್ಯಾಪಾರ ಬಲವಾಗಿದ್ದಿತು. ಆದುದರಿಂದ ಅವರು ಗಿಡವನ್ನು ಕಂಡಿರುವುದು ಅಸಂಭವವಲ್ಲ. ಆದರೂ ಕೀರ್ತನೆಗಳು ಬಾಯಿಂದ ಬಾಯಿಗೆ ಬಂದಂಥವು. ಅಂಕಿತ ಮಾತ್ರದಿಂದ ಕರ್ತೃತ್ವ ಸಿದ್ಧವಾಗುವುದಿಲ್ಲ. ಗಿಡದ ಕಾಲವನ್ನು ಕೀರ್ತನೆಯಿಂದಲೂ ಕೀರ್ತನೆಯ ಕಾಲವನ್ನು ಗಿಡದಿಂದಲೂ ಸಾಧಿಸಹೊರಟರೆ ಅನ್ಯೋನ್ಯಾಶ್ರಯದೋಷ ಬರುತ್ತದೆ. ಪ್ರಾಚೀನವಾದ ಓಲೆಯ ಪ್ರತಿಗಳ ಸಾಕ್ಷ್ಯ ದೊರೆಯುವವರೆಗೆ ಅದನ್ನು ಸಂಭಾವ್ಯವೆಂದು ಮಾತ್ರ ಹೇಳುವುದು ಯುಕ್ತ.

ಕಡೆಯದಾಗಿ ಒಂದು ಮಾತು. ಮೆಣಸಿನಕಾಯಿಯ ಚರಿತ್ರೆಯಲ್ಲಿ ಪೋರ್ಚುಗೀಸರ ಹೆಸರು ಬರೆಯಲ್ಪಟ್ಟಿದೆ. ಅವರು ತಂದುದು ಬೀಜ. ಆ ಬೀಜಕ್ಕೆ ಪಾತಿಯನ್ನು ಎತ್ತರಿಸಿ, ಹುಲ್ಲು ಹೊದಿಸಿ, ಮಾಗಿಯ ಚಳಿಯನ್ನು ತಪ್ಪಿಸಿ, ವರ್ಷವರ್ಷವೂ ಬಲಿತ ಕಾಯನ್ನಾರಿಸಿ ಇದನ್ನು ಈ ನೆಲದ ಬೆಳೆಯನ್ನಾಗಿ ಮಾಡಿದ ತುಮಕೂರು, ಗುಬ್ಬಿ, ಕುಣಿಗಲುಗಳ ಒಕ್ಕಲುಮಕ್ಕಳ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವರು ಮಾಡಿದ ಕೆಲಸದ ಗುರುತಾಗಿ ಉಳಿದಿರುವುದು ಅವರು ಕೊಟ್ಟ ಹೆಸರೊಂದೇ. ‘ಮೆಣಸು’ ಎಂಬಲ್ಲಿ ಸಂತೆಯ ಕಾಳನ್ನೂ ‘ಮೆಣಸಿನಕಾಯಿ’ ಎಂಬಲ್ಲಿ ಹಿತ್ತಲಿನ ಗಿಡವನ್ನೂ ಬೇರೆಬೇರೆಯಾಗಿ ಕಂಡು ಅರ್ಥ ಹೇಳುವುದು ಕವಿಗೂ ಒಕ್ಕಲಿಗನಿಗೂ ಸಮಾನವಾಗಿ ಸಲ್ಲಬೇಕಾದ ನ್ಯಾಯವಾಗಿದೆ.